ಅರಸರ ಬಾಕ್ಸ್ ಇಲ್ಲದ ಒಪೆರಾ ಮಂದಿರ

ಓದುಗರ ಪ್ರಶ್ನೆ: ಬಾರ್ಸಿಲೋನಾದ ಲಿಸೇವು ರಂಗಮಂದಿರವನ್ನು ಕೆಲವರು 1847ರ ಕಟ್ಟಡವೆಂದೂ ಕೆಲವರು 1999ರ ಕಟ್ಟಡವೆಂದೂ ಬರೆಯುತ್ತಾರೆ. ಇವೆರಡರಲ್ಲಿ ಯಾವುದು ಸರಿ? ಯುರೋಪಿನ ಹಳೆಯ ಒಪೆರಾ ಮಂದಿರಗಳಲ್ಲೆಲ್ಲ ಸಾಮಾನ್ಯವಾಗಿ ಕಾಣುವ ಅರಸರ ಬಾಕ್ಸ್, ಅಂದರೆ ರಾಜಮನೆತನಕ್ಕೆಂದೇ ಮೀಸಲಿಟ್ಟ ಪ್ರತ್ಯೇಕ ಆಸನಕೋಣೆ, ಅಲ್ಲಿ ಏಕಿಲ್ಲ?

ಉತ್ತರ: ನೀವು ಕೇಳಿರುವ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ಕಟ್ಟಡಕ್ಕೆ ಹಣ ಹಾಕಿದವರು ಯಾರು ಎಂಬುದೇ ಇದರ ಆಕಾರವನ್ನು ನಿರ್ಧರಿಸಿತು, ಬೆಂಕಿ ಬಿದ್ದಾಗಲೆಲ್ಲ ಇದನ್ನು ಮತ್ತೆ ಎಬ್ಬಿಸಿತು, ಕೊನೆಗೆ ಇಪ್ಪತ್ತನೆಯ ಶತಮಾನದ ಅಂಚಿನಲ್ಲಿ ಇದರ ಒಡೆತನವನ್ನೂ ಬದಲಿಸಿತು. ಆದ್ದರಿಂದ ಇಸವಿಗಳ ಲೆಕ್ಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹಣದ ಲೆಕ್ಕದಿಂದಲೇ ಆರಂಭಿಸುತ್ತೇನೆ.

1830ರ ದಶಕದ ಬಾರ್ಸಿಲೋನಾ ಇನ್ನೂ ಕೋಟೆಗೋಡೆಗಳೊಳಗೆ ಇಕ್ಕಟ್ಟಾಗಿ ಬೆಳೆಯುತ್ತಿದ್ದ ಊರು. ಹತ್ತಿಗಿರಣಿಗಳಿಂದ ಸಿರಿವಂತರಾದ ಹೊಸ ವರ್ಗವೊಂದು ಅಲ್ಲಿ ತಲೆಯೆತ್ತಿತ್ತು. 1835ರ ಗಲಭೆಗಳಲ್ಲಿ ನಗರದ ಹಲವು ಮಠಗಳಿಗೆ ಬೆಂಕಿ ಬಿದ್ದು, ಅದರ ಬೆನ್ನಿಗೆ ಸ್ಪೇನಿನ ಸರ್ಕಾರವು ಕ್ರೈಸ್ತ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ತೊಡಗಿದ್ದರಿಂದ, ಜಾಗವೇ ಇಲ್ಲದ ಊರಿನಲ್ಲಿ ಇದ್ದಕ್ಕಿದ್ದಂತೆ ದೊಡ್ಡ ದೊಡ್ಡ ನಿವೇಶನಗಳು ತೆರವಾದವು. ಹಾಗೆ ಖಾಲಿಯಾದ ಮೋಂತ್ಸಿಯೊ ಎಂಬ ಸನ್ಯಾಸಿನಿಯರ ಮಠದಲ್ಲಿ ಬೀಡುಬಿಟ್ಟಿದ್ದ ನಾಗರಿಕ ಸೇನೆಯ ತುಕಡಿಯೊಂದು, ಮಾನುವೆಲ್ ಜಿಬೆರ್ತ್ ಎಂಬುವರ ಮುಂದಾಳತ್ವದಲ್ಲಿ, 1837ರಲ್ಲಿ ಹವ್ಯಾಸಿ ನಾಟಕಗಳನ್ನು ಆಡಲು ಆರಂಭಿಸಿತು. ಪ್ರದರ್ಶನಗಳಿಂದ ಬಂದ ಹಣ ತುಕಡಿಯ ಖರ್ಚಿಗೆ ಒದಗುತ್ತಿತ್ತು. ಮುಂದಿನ ವರ್ಷವೇ ಅದು ಸಂಗೀತವನ್ನೂ ನಾಟಕವನ್ನೂ ಕಲಿಸುವ ಸಂಸ್ಥೆಯಾಗಿ ರೂಪುಗೊಂಡು, ಆಗಿನ ರಾಣಿ ಎರಡನೆಯ ಇಸಾಬೆಲ್‌ಳ ಹೆಸರನ್ನು ತನ್ನ ಹೆಸರಿನ ಜೊತೆ ಸೇರಿಸಿಕೊಂಡಿತು. ಇಂದಿನ ಭವ್ಯ ಒಪೆರಾ ಮಂದಿರದ ಬೇರು ಹೀಗೆ ಸಂಗೀತಶಾಲೆಯೊಂದರಲ್ಲಿದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಆ ಶಾಲೆ ಇಂದಿಗೂ ಲಿಸೇವು ಸಂಗೀತ ವಿದ್ಯಾಲಯವೆಂಬ ಹೆಸರಿನಲ್ಲಿ ನಡೆಯುತ್ತಿದೆ, ಮತ್ತು ಜಗತ್ತು ಕಂಡ ಬಹು ದೊಡ್ಡ ಸೊಪ್ರಾನೊ ಗಾಯಕಿಯರಲ್ಲೊಬ್ಬರಾದ ಮೋಂತ್ಸೆರಾತ್ ಕಬಾಯೆ ಕಲಿತದ್ದು ಅಲ್ಲಿಯೇ.

ಮಠವನ್ನು ಸನ್ಯಾಸಿನಿಯರು ಮರಳಿ ಕೇಳತೊಡಗಿದಾಗ ಸಂಸ್ಥೆಗೆ ತನ್ನದೇ ನೆಲೆ ಬೇಕಾಯಿತು. ಬಾರ್ಸಿಲೋನಾದ ಮುಖ್ಯ ಬೀದಿಯಾದ ರಾಂಬ್ಲಾದಲ್ಲಿ ಟ್ರಿನಿಟೇರಿಯನ್ ಸನ್ಯಾಸಿಗಳ ಹಳೆಯ ಮಠದ ಜಾಗವನ್ನು 1844ರಲ್ಲಿ ಪಡೆದುಕೊಂಡ ಸಂಸ್ಥೆ, ಅಲ್ಲಿ ದೊಡ್ಡದೊಂದು ರಂಗಮಂದಿರವನ್ನು ಕಟ್ಟಲು ನಿರ್ಧರಿಸಿತು. ಆಗ ಊರಿನಲ್ಲಿದ್ದ ಹಳೆಯ ರಂಗಮಂದಿರ ಸಾಂತಾ ಕ್ರೇವು ಆಸ್ಪತ್ರೆಗೆ ಸೇರಿದ್ದು. ನಾಟಕದ ಆದಾಯದಿಂದ ರೋಗಿಗಳ ಆರೈಕೆ ನಡೆಯಲೆಂದು ಹದಿನಾರನೆಯ ಶತಮಾನದಲ್ಲೇ ಆ ಆಸ್ಪತ್ರೆಗೆ ರಾಜನಿಂದ ವಿಶೇಷ ಹಕ್ಕು ದೊರೆತಿತ್ತು. ಆ ಏಕಸ್ವಾಮ್ಯ ಮುರಿದು ಬಿದ್ದ ಮೇಲೆ ಊರಿನ ಸಂಗೀತಪ್ರಿಯರು ಎರಡು ಪಕ್ಷಗಳಾದರು, ಮತ್ತು ಹಳೆಯ ಮಂದಿರದವರಿಗೂ ಲಿಸೇವು ಪಕ್ಷದವರಿಗೂ ನಡೆದ ಪೈಪೋಟಿ ದಶಕಗಳ ಕಾಲ ಪತ್ರಿಕೆಗಳಿಗೆ ಆಹಾರವಾಯಿತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಯುರೋಪಿನ ಇತರ ನಗರಗಳಲ್ಲಿ ಇಂಥ ಮಂದಿರಗಳ ಖರ್ಚನ್ನು ಸಾಮಾನ್ಯವಾಗಿ ಅರಮನೆ ಹೊರುತ್ತಿತ್ತು. ಸ್ಪೇನಿನಲ್ಲೇ ಮ್ಯಾಡ್ರಿಡ್ ನಗರದ ಒಪೆರಾ ಮಂದಿರ ಅರಮನೆಯ ಎದುರಿಗೇ ಎದ್ದು 1850ರಲ್ಲಿ ತೆರೆದುಕೊಂಡಿತು. ಬಾರ್ಸಿಲೋನಾದಲ್ಲಿ ರಾಜದರಬಾರು ಇರಲಿಲ್ಲ, ಮತ್ತು ರಾಣಿಯ ಬೊಕ್ಕಸದಿಂದ ಈ ಕಟ್ಟಡಕ್ಕೆ ಹಣ ಬರಲಿಲ್ಲ. ಜುವಾಕಿಮ್ ದೆ ಜಿಸ್ಪೆರ್ತ್ ಮೊದಲಾದವರು ಮುಂದೆ ನಿಂತು, ಮಂದಿರದ ಬಾಕ್ಸ್‌ಗಳನ್ನೂ ಆಸನಗಳನ್ನೂ ಕಟ್ಟುವುದಕ್ಕೆ ಮೊದಲೇ ಶಾಶ್ವತ ಒಡೆತನದ ಹಕ್ಕಿನೊಂದಿಗೆ ಮಾರಿ ಬಂಡವಾಳ ಕೂಡಿಸಿದರು. ಒಂದು ಬಾಕ್ಸ್ ಕೊಂಡವರು ಮನೆಯನ್ನೋ ಜಮೀನನ್ನೋ ಕೊಂಡಂತೆಯೇ ಅದನ್ನು ಮಕ್ಕಳಿಗೆ ಬಿಟ್ಟುಹೋಗಬಹುದಾಗಿತ್ತು, ಮಾರಬಹುದಾಗಿತ್ತು. ಹಣ ಕೊಡದ ರಾಣಿಗೆ ಬಾಕ್ಸ್ ಮೀಸಲಿಡಲಿಲ್ಲ, ಮಾತ್ರವಲ್ಲ, ಸಂಸ್ಥೆಯ ಹೆಸರಿನಿಂದ ಅವಳ ಹೆಸರನ್ನೂ ತೆಗೆದುಹಾಕಲಾಯಿತು. ಪ್ರೇಕ್ಷಾಂಗಣದ ನಟ್ಟನಡುವೆ, ರಂಗಕ್ಕೆ ನೇರ ಎದುರಾಗಿ, ಮೊದಲ ಅಂತಸ್ತಿನಲ್ಲಿ ಕಿರೀಟದ ಕೆತ್ತನೆಯಡಿ ಇರಬೇಕಾಗಿದ್ದ ಆ ಜಾಗ ಅಲ್ಲಿ ಇಲ್ಲದಿರುವುದಕ್ಕೆ ಕಾರಣ ಇದು. ಅದನ್ನು ಅಲಂಕಾರದ ಲೋಪವೆಂದು ಭಾವಿಸಬಾರದು. ಈ ಮಂದಿರದ ಮಟ್ಟಿಗೆ ಅದೊಂದು ಕರಾರುಪತ್ರವಿದ್ದಂತೆ.

ವಾಸ್ತುಶಿಲ್ಪಿ ಮಿಕೆಲ್ ಗರಿಗಾ ಇ ರೋಕಾ ಅವರ ನಕ್ಷೆಯಂತೆ ಎದ್ದ ಮಂದಿರ 1847ರ ಏಪ್ರಿಲ್ 4ರಂದು, ಈಸ್ಟರ್ ಭಾನುವಾರ, ತೆರೆಯಿತು. ಅಂದಿನ ಕಾರ್ಯಕ್ರಮದಲ್ಲಿ ಒಂದು ಐತಿಹಾಸಿಕ ನಾಟಕ, ಒಂದು ಬ್ಯಾಲೆ, ಮಾರಿಯಾ ಒಬಿಯೋಲ್ಸ್ ಎಂಬ ಸಂಗೀತಗಾರನ ಹಾಡುಗಬ್ಬ ಎಲ್ಲವೂ ಬೆರೆತಿದ್ದವು. ಪೂರ್ಣ ಪ್ರಮಾಣದ ಮೊದಲ ಒಪೆರಾ ನಡೆದದ್ದು ಏಪ್ರಿಲ್ 17ರಂದು, ದೊನಿಜೆತ್ತಿಯ ಅನ್ನಾ ಬೊಲೇನಾ. ಮೂರೂವರೆ ಸಾವಿರದಷ್ಟು ಜನ ಹಿಡಿಸುತ್ತಿದ್ದರು ಎಂದು ಹೇಳಲಾಗುವ ಈ ಮಂದಿರ ಆ ಕಾಲದ ಯುರೋಪಿನ ಅತಿ ದೊಡ್ಡ ಪ್ರೇಕ್ಷಾಂಗಣಗಳಲ್ಲಿ ಒಂದಾಗಿತ್ತು. ಹೊರಗಿನಿಂದ ನೋಡಿದರೆ ಅದು ಅಷ್ಟು ದೊಡ್ಡದೆಂದು ಯಾರಿಗೂ ಅನ್ನಿಸುವುದಿಲ್ಲ. ಸುತ್ತ ಮನೆಗಳು ಒತ್ತಿಕೊಂಡಿರುವ ಮಠದ ನಿವೇಶನದಲ್ಲಿ ಕಟ್ಟಬೇಕಾಗಿದ್ದರಿಂದ, ಬೀದಿಗೆ ತೋರುವ ಮುಖ ಸಾಧಾರಣವಾಗಿದ್ದು ವೈಭವವೆಲ್ಲ ಒಳಗೆ ಸೇರಿಕೊಂಡಿದೆ.

ಒಳಗಿನ ರಚನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಷೇರುದಾರರ ಒಡೆತನ ಗೋಡೆಯಲ್ಲೂ ಬಾಗಿಲಲ್ಲೂ ಹೇಗೆ ಅಚ್ಚೊತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಪ್ರೇಕ್ಷಾಂಗಣ ಇಟಲಿಯ ಮಾದರಿಯಲ್ಲಿ ಕುದುರೆ ಲಾಳದ ಆಕಾರಕ್ಕಿದೆ. ಲಾಳದ ತೆರೆದ ಬಾಯಿಯಲ್ಲಿ ರಂಗವಿದ್ದು, ಬಾಗಿದ ಮೈಯುದ್ದಕ್ಕೂ ಐದು ಅಂತಸ್ತುಗಳ ಬಾಕ್ಸ್‌ಗಳೂ ಗ್ಯಾಲರಿಗಳೂ ಸುತ್ತುವರಿದಿವೆ. ಉದ್ದ 33 ಮೀಟರ್, ಅತಿ ಅಗಲವಾದ ಕಡೆ 27 ಮೀಟರ್. ಇಂಥ ಮಂದಿರದಲ್ಲಿ ಬದಿಯ ಬಾಕ್ಸ್‌ನಲ್ಲಿ ಕುಳಿತವರಿಗೆ ರಂಗಕ್ಕಿಂತ ಎದುರು ಸಾಲಿನ ಬಾಕ್ಸ್‌ಗಳೇ ಚೆನ್ನಾಗಿ ಕಾಣುತ್ತವೆ. ಪ್ರದರ್ಶನದ ವೇಳೆ ಸಭಾಂಗಣದ ದೀಪಗಳನ್ನು ಆರಿಸುವ ರೂಢಿ ಇನ್ನೂ ಬಾರದ ಕಾಲದಲ್ಲಿ, ಯಾರ ಮಗಳು ಯಾರ ಪಕ್ಕ ಕುಳಿತಿದ್ದಾಳೆ, ಯಾವ ಗಿರಣಿಯ ಒಡೆಯ ಯಾವ ಬ್ಯಾಂಕಿನವನೊಂದಿಗೆ ಮಾತಾಡುತ್ತಿದ್ದಾನೆ ಎಂಬುದನ್ನು ನೋಡುವುದೂ ಸಂಜೆಯ ಕಾರ್ಯಕ್ರಮದ ಭಾಗವೇ ಆಗಿತ್ತು. ಲಿಸೇವುವಿನಲ್ಲಿ ಬಾಕ್ಸ್‌ಗಳ ನಡುವಿನ ಅಡ್ಡಗೋಡೆಗಳು ತಗ್ಗಾಗಿರುವುದರಿಂದ ಇಡೀ ಅಂತಸ್ತು ಒಂದೇ ಬಂಗಾರದ ಪಟ್ಟಿಯಂತೆ ಕಾಣುತ್ತದೆ, ಮತ್ತು ಯಾರೂ ಯಾರಿಂದಲೂ ಮರೆಯಾಗುವುದಿಲ್ಲ. ಬಾಕ್ಸ್‌ಗಳ ಹಿಂದೆ ಪುಟ್ಟ ಕೋಣೆಗಳಿದ್ದವು. ಅವು ಸ್ವಂತ ಆಸ್ತಿಯಾಗಿದ್ದರಿಂದ ಮನೆತನಗಳು ಅವನ್ನು ತಮ್ಮ ಮನೆಯ ಪಡಸಾಲೆಯಂತೆ ತಮಗೆ ಬೇಕಾದ ಹಾಗೆ ಸಿಂಗರಿಸಿಕೊಂಡಿದ್ದವು. ಇದೆಲ್ಲ ಕೆಳಗಿನ ಅಂತಸ್ತುಗಳ ಮಾತು. ನಾಲ್ಕನೆಯ ಮತ್ತು ಐದನೆಯ ಅಂತಸ್ತಿನ ಅಗ್ಗದ ಆಸನಗಳಿಗೆ ರಾಂಬ್ಲಾದ ಮುಖ್ಯ ದ್ವಾರದಿಂದ ಹೋಗುವಂತಿರಲಿಲ್ಲ. ಪಕ್ಕದ ಸಂತ್ ಪಾವು ಬೀದಿಯ ಬೇರೆ ಬಾಗಿಲಿನಿಂದ ಹತ್ತಿ ಹೋಗಬೇಕಾಗಿತ್ತು. ಊರಿನ ನಿಜವಾದ ಸಂಗೀತರಸಿಕರು, ಸ್ವರ ತಪ್ಪಿದ ಗಾಯಕನನ್ನು ಕ್ಷಮಿಸದವರು, ಬಹುಮಟ್ಟಿಗೆ ಆ ಬಾಗಿಲಿನಿಂದಲೇ ಬರುತ್ತಿದ್ದರು.

1861ರ ಏಪ್ರಿಲ್ 9ರಂದು ಬಿದ್ದ ಬೆಂಕಿಯಲ್ಲಿ ಪ್ರೇಕ್ಷಾಂಗಣವೂ ರಂಗವೂ ಸುಟ್ಟುಹೋದವು. ಹಾಳಾದ ಮಠದ ಶಾಪವೇ ಹೀಗೆ ಉರಿಯಿತೆಂದು ಊರವರು ಆಡಿಕೊಂಡರು. ಅವಶೇಷಗಳ ನಡುವೆ, ನಾನೊಂದು ಗೂಬೆ, ನೀವು ಮತ್ತೆ ಕಟ್ಟಿದರೆ ನಾನು ಮತ್ತೆ ಸುಡುತ್ತೇನೆ ಎಂಬರ್ಥದ ಪ್ರಾಸಬದ್ಧ ಚೀಟಿ ಸಿಕ್ಕಿತೆಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹರಿದುಬರುತ್ತಿದೆ. ಕಥೆ ಏನೇ ಇರಲಿ, ಮಾಲೀಕರು ಕೈಕಟ್ಟಿ ಕೂರಲಿಲ್ಲ. ಅಷ್ಟರಲ್ಲಾಗಲೇ ಇಡೀ ಕಟ್ಟಡ ಆಸನಗಳ ಮಾಲೀಕರ ಸಂಘಕ್ಕೆ ಸೇರಿತ್ತು. ಅವರು ತಮ್ಮ ತಮ್ಮ ಪಾಲಿನ ಹಣವನ್ನು ಮತ್ತೆ ಹಾಕಿ, ಜುಸೆಪ್ ಒರಿಯೋಲ್ ಮೆಸ್ತ್ರೆಸ್ ಅವರ ನೇತೃತ್ವದಲ್ಲಿ ಕೆಲಸ ನಡೆಸಿ, 1862ರ ಏಪ್ರಿಲ್ 20ರಂದು ಬೆಲ್ಲಿನಿಯ ಈ ಪುರಿತಾನಿ ಒಪೆರಾದೊಂದಿಗೆ ಮಂದಿರವನ್ನು ಮತ್ತೆ ತೆರೆದರು. ಒಂದು ವರ್ಷ ಹನ್ನೊಂದು ದಿನ. ಇಷ್ಟು ಬೇಗ ಕೆಲಸ ಮುಗಿದದ್ದಕ್ಕೆ ಕಲಾಪ್ರೇಮದ ಜೊತೆಗೆ ಇನ್ನೊಂದು ಕಾರಣವೂ ಇತ್ತೆಂದು ನಾನು ತಿಳಿಯುತ್ತೇನೆ. ಸುಟ್ಟುಹೋದದ್ದು ಅವರ ಖಾಸಗಿ ಸ್ವತ್ತು, ಮತ್ತು ಮಂದಿರವಿಲ್ಲದ ಪ್ರತಿಯೊಂದು ಋತುವಿನಲ್ಲೂ ಅವರ ಹಕ್ಕುಪತ್ರಗಳಿಗೆ ಬೆಲೆಯಿರಲಿಲ್ಲ. ಬೀದಿಯ ಕಡೆಗಿನ ಮುಖಭಾಗ, ಪ್ರವೇಶದ ಮೊಗಸಾಲೆ ಮತ್ತು ಮಹಡಿಯ ಮೇಲಿನ ಕನ್ನಡಿಗಳ ಹಜಾರ ಆ ಬೆಂಕಿಯಲ್ಲಿ ಉಳಿದುಕೊಂಡವು ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಅದು ಬೇಕಾಗುತ್ತದೆ.

ಅನಂತರದ ಮೂರು ದಶಕ ಲಿಸೇವು ಬಾರ್ಸಿಲೋನಾದ ಸಿರಿವಂತರ ಗುರುತಾಗಿಯೇ ಬೆಳೆಯಿತು, ಮತ್ತು ಅದೇ ಕಾರಣಕ್ಕೆ ಅವರ ಮೇಲಿನ ಸಿಟ್ಟಿಗೂ ಗುರಿಯಾಯಿತು. 1893ರ ಸೆಪ್ಟೆಂಬರಿನಲ್ಲಿ ಸೇನಾಧಿಕಾರಿ ಮಾರ್ತಿನೆಸ್ ಕಾಂಪೋಸ್ ಮೇಲೆ ಬಾಂಬೆಸೆದ ಅರಾಜಕತಾವಾದಿ ಪಾವುಲಿ ಪಯ್ಯಾಸ್‌ನನ್ನು ಮರಣದಂಡನೆಗೆ ಗುರಿಪಡಿಸಲಾಗಿತ್ತು. ಅದಕ್ಕೆ ಸೇಡು ತೀರಿಸಿಕೊಳ್ಳಲು ಹೊರಟ ಸಾಂತಿಯಾಗೊ ಸಾಲ್ವದೋರ್ ಎಂಬಾತ ನವೆಂಬರ್ 7ರಂದು, ಆ ಋತುವಿನ ಮೊದಲ ರಾತ್ರಿ, ರೊಸ್ಸಿನಿಯ ವಿಲಿಯಂ ಟೆಲ್ ಒಪೆರಾದ ಎರಡನೆಯ ಅಂಕ ನಡೆಯುತ್ತಿದ್ದಾಗ ಮೇಲಿನ ಗ್ಯಾಲರಿಯಿಂದ ಎರಡು ಬಾಂಬುಗಳನ್ನು ಕೆಳಗಿನ ಆಸನಗಳ ಮೇಲೆ ಎಸೆದ. ಒಂದು ಸಿಡಿಯಿತು, ಇನ್ನೊಂದು ಪ್ರೇಕ್ಷಕಿಯೊಬ್ಬರ ಉಡುಪಿನ ಮೇಲೆ ಬಿದ್ದು ಸಿಡಿಯದೆ ಉಳಿಯಿತು. ಸುಮಾರು ಇಪ್ಪತ್ತು ಮಂದಿ ಸತ್ತರು. ಮಂದಿರ 1894ರ ಜನವರಿ 18ರಂದು ಮತ್ತೆ ತೆರೆಯಿತಾದರೂ ಸತ್ತವರು ಕುಳಿತಿದ್ದ ಆಸನಗಳನ್ನು ಹಲವು ವರ್ಷ ಖಾಲಿ ಬಿಡಲಾಯಿತು. ಆ ರಾತ್ರಿಯ ಭಯ ಊರಿನ ಮನಸ್ಸಿನಲ್ಲಿ ಎಷ್ಟು ಆಳಕ್ಕಿಳಿದಿತ್ತೆಂದರೆ, ವಾಸ್ತುಶಿಲ್ಪಿ ಗೌಡಿ ತಾನು ಕಟ್ಟುತ್ತಿದ್ದ ಸಗ್ರಾದಾ ಫಮೀಲಿಯಾ ಇಗರ್ಜಿಯ ಜಪಮಾಲೆ ದ್ವಾರದಲ್ಲಿ, ದೆವ್ವವೊಂದು ಮನುಷ್ಯನ ಕೈಗೆ ಅದೇ ಬಗೆಯ ಬಾಂಬನ್ನು ಕೊಡುತ್ತಿರುವ ಶಿಲ್ಪವನ್ನು ಇರಿಸಿದ. ಬಾರ್ಸಿಲೋನಾಕ್ಕೆ ಹೋದವರು ಆ ಇಗರ್ಜಿಯ ಗೋಪುರಗಳನ್ನು ನೋಡುವಾಗ ಈ ಚಿಕ್ಕ ಶಿಲ್ಪವನ್ನೂ ಹುಡುಕಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಎರಡು ಕಟ್ಟಡಗಳು ಒಂದೇ ನೋವಿನಿಂದ ಅಲ್ಲಿ ಜೋಡಿಸಿಕೊಂಡಿವೆ.

ಸಂಗೀತದ ದೃಷ್ಟಿಯಿಂದ ಲಿಸೇವುವಿನ ದೊಡ್ಡ ಒಲವು ಜರ್ಮನ್ ಒಪೆರಾ ರಚನಕಾರ ವ್ಯಾಗ್ನರ್‌ನ ಕಡೆಗಿತ್ತು. ಅವನ ಪಾರ್ಸಿಫಲ್ ಒಪೆರಾವನ್ನು, ಅವನೇ ಉತ್ಸವ ಆರಂಭಿಸಿದ ಊರಾದ ಜರ್ಮನಿಯ ಬೈರಾಯ್ಟ್‌ನ ಹೊರಗೆ ಎಲ್ಲೂ ಆಡಬಾರದೆಂಬ ನಿರ್ಬಂಧ ಹಕ್ಕುಸ್ವಾಮ್ಯದ ಅವಧಿಯೊಂದಿಗೆ 1913ರ ಕೊನೆಯ ದಿನ ಮುಗಿಯಲಿತ್ತು. ಬಾರ್ಸಿಲೋನಾದ ಗಡಿಯಾರ ಬೈರಾಯ್ಟ್‌ಗಿಂತ ಒಂದು ಗಂಟೆ ಹಿಂದಿದ್ದುದನ್ನು ಲೆಕ್ಕ ಹಾಕಿ, ಡಿಸೆಂಬರ್ 31ರ ರಾತ್ರಿ ಹತ್ತೂವರೆಯ ಸುಮಾರಿಗೇ ಲಿಸೇವು ಪ್ರದರ್ಶನ ಆರಂಭಿಸಿಬಿಟ್ಟಿತು. 1955ರಲ್ಲಿ ಬೈರಾಯ್ಟ್ ಉತ್ಸವದ ತಂಡವೇ ತನ್ನ ಮೂರು ಪ್ರಯೋಗಗಳೊಂದಿಗೆ ಲಿಸೇವುಗೆ ಬಂದಿತು. ಕಟ್ಟಡದೊಳಗೇ ಇರುವ ಲಿಸೇವು ಕ್ಲಬ್ಬಿನ ಬಣ್ಣದ ಗಾಜಿನ ಕಿಟಕಿಗಳಲ್ಲೂ ವ್ಯಾಗ್ನರ್‌ನ ಕಥೆಗಳೇ ಇವೆ. ಮಂದಿರದೊಂದಿಗೇ 1847ರಲ್ಲಿ ಹುಟ್ಟಿದ, ಚಿತ್ರಕಾರ ರಮೋನ್ ಕಾಸಾಸ್‌ನ ಹನ್ನೆರಡು ತೈಲಚಿತ್ರಗಳ ಕೊಠಡಿಗಾಗಿ ಹೆಸರಾದ ಈ ಖಾಸಗಿ ಕ್ಲಬ್ಬು ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಕಬಾಯೆ ಆ ಮಂದಿರದ ರಂಗದ ಮೇಲೆ ಮೊದಲ ಬಾರಿ ಹಾಡಿ ಮೂವತ್ತೊಂಬತ್ತು ವರ್ಷಗಳಾಗಿದ್ದವು.

ಖಾಸಗಿ ಒಡೆತನದ ವ್ಯವಸ್ಥೆ ದಿನನಿತ್ಯ ನಡೆಯುತ್ತಿದ್ದ ಬಗೆ ಹೀಗಿತ್ತು. ಮಾಲೀಕರ ಸಂಘ ತಾನು ಒಪೆರಾ ನಡೆಸುತ್ತಿರಲಿಲ್ಲ. ಮಂದಿರವನ್ನು ಗುತ್ತಿಗೆದಾರನೊಬ್ಬನಿಗೆ ಒಪ್ಪಿಸುತ್ತಿತ್ತು. ಅವನು ನಿಗದಿತ ಸಂಖ್ಯೆಯ ಪ್ರದರ್ಶನಗಳನ್ನು ಒದಗಿಸಬೇಕು, ಆದರೆ ಒಳ್ಳೆಯ ಆಸನಗಳಲ್ಲಿ ಬಹುಪಾಲು ಮಾಲೀಕರದ್ದೇ ಆಗಿರುವುದರಿಂದ ಅವುಗಳಿಗೆ ಟಿಕೆಟ್ ಮಾರುವಂತಿಲ್ಲ. ಉಳಿದ ಆಸನಗಳ ಹಣ ಮತ್ತು ಮಾಲೀಕರು ಕೊಡುವ ವಂತಿಗೆಯಲ್ಲಿ ಗಾಯಕರ ಸಂಭಾವನೆಯಿಂದ ಹಿಡಿದು ದೀಪದ ಖರ್ಚಿನವರೆಗೆ ಎಲ್ಲವನ್ನೂ ತೂಗಿಸಬೇಕು. ಅಂತರ್ಯುದ್ಧದ ವರ್ಷಗಳಲ್ಲಿ ಮಂದಿರ ಸರ್ಕಾರದ ವಶಕ್ಕೆ ಹೋಗಿ, 1939ರಲ್ಲಿ ಮಾಲೀಕರಿಗೆ ಮರಳಿತು; ಅದೊಂದು ಅವಧಿ ಬಿಟ್ಟರೆ ಈ ಏರ್ಪಾಡು ನೂರಕ್ಕೂ ಹೆಚ್ಚು ವರ್ಷ ಬದುಕಿತು. 1947ರಿಂದ ಮಂದಿರವನ್ನು ನಡೆಸಿದ ಜುವಾನ್ ಆಂತೋನಿ ಪಾಮಿಯಾಸ್ ಈ ಬಗೆಯ ಕೊನೆಯ ಗುತ್ತಿಗೆದಾರ. 1980ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಒಪೆರಾದ ಖರ್ಚು ಯಾವ ಖಾಸಗಿ ವ್ಯಕ್ತಿಯ ಕೈಗೂ ಎಟುಕದಷ್ಟು ಏರಿತ್ತು. ಬಾರ್ಸಿಲೋನಾ ರಾಜಧಾನಿಯಾಗಿರುವ ಕೆಟಲೋನಿಯಾ ಪ್ರಾಂತದ ಸರ್ಕಾರ ಮತ್ತು ನಗರಸಭೆ ಮಾಲೀಕರ ಸಂಘದೊಂದಿಗೆ ಒಕ್ಕೂಟ ರಚಿಸಿಕೊಂಡು ನಿರ್ವಹಣೆಯನ್ನು ಕೈಗೆತ್ತಿಕೊಂಡವು. ಮ್ಯಾಡ್ರಿಡ್‌ನ ಸಂಸ್ಕೃತಿ ಇಲಾಖೆಯೂ ಮುಂದೆ ಅದರಲ್ಲಿ ಸೇರಿತು. ಹೀಗೆ 1980ರ ದಶಕದಲ್ಲಿ ಖರ್ಚು ಸಾರ್ವಜನಿಕರದ್ದು, ಕಟ್ಟಡ ಖಾಸಗಿಯವರದ್ದು ಎಂಬ ಬಹುಕಾಲ ಬಾಳಲಾಗದ ಸ್ಥಿತಿ ಉಂಟಾಗಿತ್ತು.

ಅದು ಮುಗಿದದ್ದು 1994ರ ಜನವರಿ 31ರ ಬೆಳಿಗ್ಗೆ. ರಂಗಕ್ಕೂ ಪ್ರೇಕ್ಷಾಂಗಣಕ್ಕೂ ನಡುವೆ ಇಳಿಬಿಟ್ಟು ಬೆಂಕಿ ಹರಡದಂತೆ ತಡೆಯಲೆಂದೇ ಇದ್ದ ಉಕ್ಕಿನ ಪರದೆಯನ್ನು ಕೆಲಸಗಾರರು ದುರಸ್ತಿ ಮಾಡುತ್ತಿದ್ದಾಗ, ಅವರ ಉಪಕರಣದಿಂದ ಸಿಡಿದ ಕಿಡಿಗಳು ರಂಗದ ಬಟ್ಟೆಯ ಪರದೆಗೆ ತಾಗಿದವು. ಕೆಲವೇ ಗಂಟೆಗಳಲ್ಲಿ ಪ್ರೇಕ್ಷಾಂಗಣದ ಚಾವಣಿ ಕುಸಿಯಿತು. ಒಂದು ಜೀವವೂ ಹೋಗಲಿಲ್ಲವೆಂಬುದೊಂದೇ ಸಮಾಧಾನ. ರಾಂಬ್ಲಾದಲ್ಲಿ ನೆರೆದ ಜನರಲ್ಲಿ, ಮಂದಿರದೊಳಗೆ ಎಂದೂ ಕಾಲಿಡದವರೂ ಅತ್ತರೆಂಬುದು ಅಂದಿನ ವರದಿಗಳನ್ನು ಓದಿದ ಯಾರಿಗಾದರೂ ತಿಳಿಯುತ್ತದೆ. ಒಂದು ಕಾಲಕ್ಕೆ ಬಾಂಬಿಗೆ ಗುರಿಯಾದ ಸಿರಿವಂತರ ಮನೆ ಆ ಬೆಳಿಗ್ಗೆ ಇಡೀ ಊರಿನ ಮನೆಯಾಗಿ ಕಂಡಿತು. ಅದೇ ಜಾಗದಲ್ಲಿ ಮತ್ತೆ ಕಟ್ಟಬೇಕೆಂಬ ತೀರ್ಮಾನ ತಡವಿಲ್ಲದೆ ಹೊರಬಿತ್ತು, ಆದರೆ ಈ ಬಾರಿ ಹಣ ಹಾಕುವವರು ಬೇರೆ. ಸಾರ್ವಜನಿಕರ ತೆರಿಗೆಯಿಂದ ಖಾಸಗಿ ಆಸನಗಳನ್ನು ಕಟ್ಟಿಕೊಡುವುದು ಸಾಧ್ಯವಿರಲಿಲ್ಲವಾದ್ದರಿಂದ, ಅದೇ ವರ್ಷ ಒಂದು ಪ್ರತಿಷ್ಠಾನ ಸ್ಥಾಪನೆಯಾಯಿತು, ಮತ್ತು ಕೆಲವು ಮಾಲೀಕರ ವಿರೋಧದ ನಡುವೆಯೂ ಸಂಘವು ತನ್ನ ಒಡೆತನವನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಒಂದೂವರೆ ಶತಮಾನದ ಹಕ್ಕುಪತ್ರಗಳು ಹೀಗೆ ಕೊನೆಗೊಂಡವು.

ಇಗ್ನಾಸಿ ದೆ ಸೊಲಾ ಮೊರಾಲೆಸ್, ಶಾವಿಯೇರ್ ಫಾಬ್ರೆ ಮತ್ತು ಲ್ಯುಯಿಸ್ ದಿಲ್ಮೆ ಎಂಬ ಮೂವರು ವಾಸ್ತುಶಿಲ್ಪಿಗಳು ಹೊಸ ಮಂದಿರವನ್ನು ರೂಪಿಸಿದರು. ಸೊಲಾ ಮೊರಾಲೆಸ್ ಬೆಂಕಿಗೂ ಮೊದಲೇ ಮಂದಿರದ ವಿಸ್ತರಣೆಯ ಯೋಜನೆಯಲ್ಲಿ ತೊಡಗಿದ್ದವರು. ಪ್ರೇಕ್ಷಾಂಗಣವನ್ನು ಹಳೆಯ ಲಾಳದ ಆಕಾರದಲ್ಲೇ, ಹಳೆಯ ಬಂಗಾರದ ಬಣ್ಣ ಮತ್ತು ಕೆಂಪು ಮಖಮಲ್ಲಿನಲ್ಲೇ ಮರಳಿ ತಂದರು. ಅದರ ಸುತ್ತಲಿನ ಎಲ್ಲವನ್ನೂ ಬದಲಿಸಿದರು. ಅಕ್ಕಪಕ್ಕದ ಕಟ್ಟಡಗಳ ಜಾಗ ಸೇರಿಸಿಕೊಂಡು ರಂಗದ ಹಿಂಭಾಗ ಹಲವು ಪಟ್ಟು ಬೆಳೆಯಿತು, ಒಂದು ಪ್ರದರ್ಶನದ ದೃಶ್ಯಸಜ್ಜಿಕೆ ನಿಂತಿರುವಾಗಲೇ ಇನ್ನೊಂದನ್ನು ಸಿದ್ಧಪಡಿಸುವ ಯಂತ್ರವ್ಯವಸ್ಥೆ ಬಂದಿತು, ಪ್ರೇಕ್ಷಾಂಗಣದ ಅಡಿಯಲ್ಲಿ ಹೊಸ ಮೊಗಸಾಲೆಯನ್ನು ತೋಡಲಾಯಿತು. ಸಂತ್ ಪಾವು ಬೀದಿಯ ಬೇರೆ ಬಾಗಿಲಿನ ಪದ್ಧತಿ ಹೋಗಿ ಎಲ್ಲ ಅಂತಸ್ತಿನವರೂ ಒಂದೇ ದ್ವಾರದಿಂದ ಬರುವಂತಾಯಿತು. ನನ್ನ ಮಟ್ಟಿಗೆ ಈ ಮರುನಿರ್ಮಾಣದ ಅತ್ಯಂತ ದೊಡ್ಡ ಬದಲಾವಣೆ ಇದೇ. ಯಂತ್ರಗಳ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ. 1999ರ ಅಕ್ಟೋಬರ್ 7ರಂದು ಪುಚ್ಚಿನಿಯ ತುರಾಂದೋತ್ ಒಪೆರಾದೊಂದಿಗೆ ಮಂದಿರ ತೆರೆಯಿತು. ಬೆಂಕಿ ಬಿದ್ದಾಗ ಮುಂದಿನ ಪ್ರದರ್ಶನವಾಗಿ ಸಿದ್ಧವಾಗುತ್ತಿದ್ದುದೂ ಅದೇ ಒಪೆರಾ.

ಹಳೆಯ ಪ್ರೇಕ್ಷಾಂಗಣವನ್ನು ಹಾಗೆಯೇ ನಕಲು ಮಾಡಿದ್ದು ತಪ್ಪು, ಹೊಸ ಕಾಲಕ್ಕೆ ಹೊಸ ರೂಪ ಕೊಡಬೇಕಾಗಿತ್ತು ಎಂಬ ಟೀಕೆಯನ್ನು ನಾನು ಬಲ್ಲೆ. ಅದನ್ನು ನಾನು ಒಪ್ಪುವುದಿಲ್ಲ. 1862ರಲ್ಲಿ ಎದ್ದದ್ದೂ ಸುಟ್ಟ ಮಂದಿರದ ಮರುಕಟ್ಟಣೆಯೇ, ಮತ್ತು ಆ ಲಾಳದ ಆಕಾರದೊಳಗೆ ಧ್ವನಿ ಹೇಗೆ ಹರಿಯುತ್ತದೆಂಬುದು ಹಾಡುವವರಿಗೂ ಕೇಳುವವರಿಗೂ ತಲೆಮಾರುಗಳಿಂದ ಪರಿಚಿತವಾಗಿತ್ತು. ಇಲ್ಲಿನ ವಾಸ್ತುಶಿಲ್ಪಿಗಳು ಹೊಸದನ್ನು ಹಳೆಯದೆಂದು ತೋರಿಸಿ ಕಣ್ಣುಕಟ್ಟಲು ಹೋಗಲಿಲ್ಲ ಎಂಬುದಕ್ಕೆ ಚಾವಣಿಯೇ ಸಾಕ್ಷಿ. ಸುಟ್ಟುಹೋದ ಹಳೆಯ ಚಿತ್ರಗಳನ್ನು ಮತ್ತೆ ಬರೆಸುವ ಬದಲು, ಅಲ್ಲಿನ ಎಂಟು ವೃತ್ತಗಳನ್ನು ಪೆರೆಜಾವ್ಮೆ ಎಂಬ ಸಮಕಾಲೀನ ಕಲಾವಿದರಿಗೆ ಒಪ್ಪಿಸಲಾಯಿತು; ಅವರು ಕೆಂಪು ಆಸನಗಳ ಸಾಲುಗಳನ್ನೇ ಬೆಟ್ಟಸಾಲುಗಳಂತೆ ಜೋಡಿಸಿದ ಚಿತ್ರಗಳನ್ನು ಅಲ್ಲಿರಿಸಿದರು.

ಹಾಗಾದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ನೀವೇ ನಡೆದು ಕಂಡುಕೊಳ್ಳಬಹುದು. ರಾಂಬ್ಲಾದ ದ್ವಾರದಿಂದ ಒಳಗೆ ಬಂದು ಮೊಗಸಾಲೆಯಲ್ಲಿ ನಿಂತಾಗ ನೀವು 1847ರ ಕಟ್ಟಡದಲ್ಲಿದ್ದೀರಿ. ಮೆಟ್ಟಿಲು ಹತ್ತಿ ಕನ್ನಡಿಗಳ ಹಜಾರಕ್ಕೆ ಹೋದರೆ, ಅಲಂಕಾರ ಮುಂದಿನ ದಶಕಗಳದ್ದಾದರೂ, ಅದೂ ಎರಡು ಬೆಂಕಿಗಳನ್ನು ಗೆದ್ದು ಉಳಿದ ಭಾಗವೇ. ಅಲ್ಲಿಂದ ಪ್ರೇಕ್ಷಾಂಗಣದ ಬಾಗಿಲು ದಾಟಿದೊಡನೆ ನೀವು 1999ಕ್ಕೆ ಕಾಲಿಡುತ್ತೀರಿ, ಆದರೆ ನಿಮ್ಮ ಕಣ್ಣಿಗೆ ಬೀಳುವ ಆಕಾರ ಹತ್ತೊಂಬತ್ತನೆಯ ಶತಮಾನದ್ದು. ಆಗ ಹಿಂದಿರುಗಿ, ರಂಗಕ್ಕೆ ಬೆನ್ನು ಮಾಡಿ, ಮೊದಲ ಅಂತಸ್ತಿನ ನಡುಭಾಗವನ್ನು ನೋಡಿ. ಒಂದಕ್ಕಿಂತ ಇನ್ನೊಂದು ಹೆಚ್ಚಲ್ಲದ ಆಸನಗಳು ಎಡದಿಂದ ಬಲಕ್ಕೆ ತಡೆಯಿಲ್ಲದೆ ಬಾಗಿ ಸಾಗುತ್ತವೆ. ಇಂದು ಮಂದಿರದಲ್ಲಿರುವ 2,292 ಆಸನಗಳಲ್ಲಿ ಯಾವುದಕ್ಕೆ ಬೇಕಾದರೂ ನೀವು ಟಿಕೆಟ್ ಕೊಳ್ಳಬಹುದು.